ರಾತ್ರಿ ಎರಡು ಗಂಟೆಗೆ ಹೆದ್ದಾರಿ ಕಾಯುವವರು ಯಾರು? ಗ್ರಾಮಾಂತರ ಠಾಣೆಗಳಿಗೆ ಹಣ ಕೊಡುವ ಬಗ್ಗೆ ಮಾತಾಡೋಣ

ಹೆದ್ದಾರಿ ಹೋಟೆಲ್, ಶಿರಾ

ಎಲ್ಲರಿಗೂ ನಮಸ್ಕಾರ. ಶಿರಾ ಮತ್ತು ಹಿರಿಯೂರಿನ ಮಧ್ಯೆ, ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ. ರಾತ್ರಿಯೂ ಒಲೆ ಆರುವುದಿಲ್ಲ. ಲಾರಿಯವರೇ ನಮ್ಮ ಗಿರಾಕಿಗಳು.

ಹೋದ ಚಳಿಗಾಲದ ಒಂದು ರಾತ್ರಿ, ಸುಮಾರು ಎರಡು ಗಂಟೆ. ಈರುಳ್ಳಿ ಹೇರಿಕೊಂಡು ಹೋಗುತ್ತಿದ್ದ ಕ್ಯಾಂಟರಿನ ಟೈರು ಸಿಡಿಯಿತು. ಗಾಡಿ ರಸ್ತೆಯ ಮೇಲೇ ನಿಂತಿತು. ಹಿಂದಿನ ಲೈಟು ಒಂದೂ ಉರಿಯುತ್ತಿರಲಿಲ್ಲ. ಡ್ರೈವರು ಓಡಿ ಹೋಗಿ ಹೊಂಗೆ ಕೊಂಬೆ ಮುರಿದು ತಂದು ರಸ್ತೆಗೆ ಅಡ್ಡ ಹಾಕಿದ, ಪಕ್ಕದಲ್ಲಿ ನಾಲ್ಕು ಕಲ್ಲು ಇಟ್ಟ. ನಾನು 112ಕ್ಕೆ ಫೋನ್ ಮಾಡಿದೆ. ಠಾಣೆಯಿಂದ ಒಬ್ಬ ಪೇದೆ, ಒಬ್ಬ ಹೋಂ ಗಾರ್ಡ್ ಬಂದರು. ಪೇದೆಯವರ ಸ್ವಂತ ಬೈಕಿನಲ್ಲಿ. ಜೀಪು ಜಾತ್ರೆ ಬಂದೋಬಸ್ತಿಗೆ ಹೋಗಿತ್ತಂತೆ. ಇಬ್ಬರಿಗೂ ಸೇರಿ ಒಂದು ಟಾರ್ಚು, ಒಂದೇ ರೇಡಿಯಂ ಜಾಕೆಟ್. ಆ ಜಾಕೆಟ್ಟನ್ನು ಪೇದೆ ಹೋಂ ಗಾರ್ಡ್‌ಗೆ ಹಾಕಿಸಿದರು. ಅವನಿಗೆ ಇನ್ನೂ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು.

ಕ್ರೇನು ಬರುವವರೆಗೆ ಎರಡು ಗಂಟೆ ಹೊತ್ತು ಅವರಿಬ್ಬರು ಟಾರ್ಚು ಬೀಸುತ್ತಾ ನಿಂತಿದ್ದರು. ನಮ್ಮಮ್ಮ ಟೀ ಕೊಟ್ಟು ಕಳಿಸಿದಳು. ಟೀ ಕೊಡುವಾಗಲೇ ಒಂದು ಸ್ಲೀಪರ್ ಬಸ್ಸು ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಎಳೆದುಕೊಂಡು ಹೋಯಿತು. ಅದರ ಗಾಳಿಗೆ ನನ್ನ ಕೈಯಲ್ಲಿದ್ದ ಲೋಟ ಬಿತ್ತು. ಅವತ್ತು ಯಾರೂ ಸಾಯಲಿಲ್ಲ. ಹಾಗಾಗಿ ಆ ರಾತ್ರಿ ಯಾವ ದಾಖಲೆಯಲ್ಲೂ ಇಲ್ಲ.

ಎಲ್ಲರೂ ಅಷ್ಟು ಪುಣ್ಯವಂತರಾಗಿರುವುದಿಲ್ಲ. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹತ್ತಿರ ಮಂಜಿನಲ್ಲಿ ಸುಮೋ ಒಂದು ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಗುದ್ದಿತು. 13 ಜನ ಹೋದರು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿಯ ಗುಂಡೇನಹಳ್ಳಿ ಕ್ರಾಸ್ ಬಳಿ, ಇದೇ 48ರಲ್ಲಿ, ದೇವರ ದರ್ಶನ ಮುಗಿಸಿ ಬರುತ್ತಿದ್ದ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರ ಟೆಂಪೊ ಟ್ರಾವೆಲರ್ ನಿಂತಿದ್ದ ಲಾರಿಗೆ ಗುದ್ದಿತು. ಅಲ್ಲೂ 13 ಜನ. ಎರಡು ಕಡೆಯೂ ಗುದ್ದಿದ್ದು ನಿಂತ ಗಾಡಿಗೆ, ಗಮನಿಸಿ.

ನಿಂತ ಗಾಡಿಯನ್ನು ಎಬ್ಬಿಸಿ ಕಳಿಸುವುದಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ರಾತ್ರಿಯಿಡೀ ಓಡಾಡುವ ಒಂದು ಜೀಪು, ಇಬ್ಬರು ಜನ, ನಾಲ್ಕು ಕೋನು, ಡೀಸೆಲ್ ಇದ್ದರೆ ಸಾಕು. ಹೆದ್ದಾರಿ ಪಕ್ಕದ ಗ್ರಾಮಾಂತರ ಠಾಣೆಗಳಿಗೆ ಇದಕ್ಕಾಗಿಯೇ ಪ್ರತ್ಯೇಕ ಹಣ ಬರಬೇಕು ಅನ್ನುವುದು ನನ್ನ ವಾದ. ನಿಮಗೇನು ಅನಿಸುತ್ತದೆ?

ತುಮಕೂರು ಬೈಕ್ ಸವಾರ

ಅಣ್ಣ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ನಾನು ದಿನಾ 40 ಕಿಲೋಮೀಟರ್ ಬೈಕಿನಲ್ಲಿ ಓಡಾಡುವವನು. ಪೊಲೀಸರು ನನಗೆ ಕಾಣುವುದು ಹಗಲು ಹತ್ತು ಗಂಟೆಗೆ, ಮರದ ನೆರಳಿನಲ್ಲಿ, ಇಳಿಜಾರು ಮುಗಿಯುವ ಜಾಗದಲ್ಲಿ. ನಿಲ್ಲಿಸುವುದು ಬೈಕುಗಳನ್ನು ಮಾತ್ರ. ಕೈ ಅಡ್ಡ ಹಾಕಿದ್ದಕ್ಕೆ ಗಾಬರಿಯಾಗಿ ಬ್ರೇಕ್ ಹಿಡಿದು ಬಿದ್ದವರನ್ನು ನಾನೇ ಎತ್ತಿದ್ದೇನೆ. ಇನ್ನಷ್ಟು ಹಣ ಕೊಟ್ಟರೆ ಇನ್ನಷ್ಟು ಇಂಥ ತಪಾಸಣೆ ಆಗುತ್ತದೆ ಅಷ್ಟೇ ಅಲ್ವಾ? ರಾತ್ರಿ ಎರಡು ಗಂಟೆಗೆ ಬರುತ್ತಾರೆ ಅಂತ ಯಾವ ಗ್ಯಾರಂಟಿ?

ನಿವೃತ್ತ ದಫೇದಾರ್

ಬೈಕ್ ಸವಾರರೇ, ನೀವು ಹೇಳಿದ್ದು ಸುಳ್ಳಲ್ಲ. ಅಂಥವರ ಜೊತೆ ನಾನೂ ಕೆಲಸ ಮಾಡಿದ್ದೇನೆ. ಆದರೆ ಒಳಗಿನ ಲೆಕ್ಕ ಸ್ವಲ್ಪ ಕೇಳಿ.

ನಾನು ಕೊನೆಗೆ ಇದ್ದ ಠಾಣೆಯ ಸರಹದ್ದಿನಲ್ಲಿ ಹೆದ್ದಾರಿ ಹಾದುಹೋಗುತ್ತಿತ್ತು. ಯಾವ ಠಾಣೆ ಅಂತ ಹೇಳುವುದಿಲ್ಲ. ಹೆದ್ದಾರಿ ಬಂತು ಅಂತ ಠಾಣೆಗೆ ಒಬ್ಬನೇ ಒಬ್ಬ ಹೆಚ್ಚಿನ ಸಿಬ್ಬಂದಿ ಬರಲಿಲ್ಲ. ಹಳ್ಳಿಗಳ ಜಮೀನು ಜಗಳ, ಕೋರ್ಟ್ ಸಮನ್ಸು, ಜಾತ್ರೆ, ಗಣಪತಿ ವಿಸರ್ಜನೆ, ಮಂತ್ರಿಗಳ ಓಡಾಟ, ಎಲ್ಲಕ್ಕೂ ಅದೇ ಜನ. ರಾತ್ರಿ ಪಾಳಿಯಲ್ಲಿ ಒಬ್ಬರು ಠಾಣೆ ಬಿಡುವ ಹಾಗಿಲ್ಲ. ಉಳಿದವರು ಇಬ್ಬರು ಸಿಕ್ಕಿದರೆ ಅದೇ ದೊಡ್ಡದು.

ಈಗ ಒಂದು ಅಪಘಾತ ಆಯಿತು ಅಂದುಕೊಳ್ಳಿ. ಗಾಯಾಳುಗಳನ್ನು ಕಳಿಸಬೇಕು. ರಸ್ತೆ ತೆರವು ಮಾಡಬೇಕು. ಸ್ಥಳ ಮಹಜರು, ನಕ್ಷೆ, ಎಫ್‌ಐಆರ್. ಸತ್ತಿದ್ದರೆ ಶವಾಗಾರದ ಮುಂದೆ ಒಬ್ಬರು ಕಾಯಬೇಕು. ಊರಿನಿಂದ ಸಂಬಂಧಿಕರು ಬರಬೇಕು, ಶವಪರೀಕ್ಷೆ ಆಗಬೇಕು. ಆಮೇಲೆ ಮೋಟಾರು ವಾಹನ ಇನ್‌ಸ್ಪೆಕ್ಟರ್ ಬಂದು ಗಾಡಿ ಪರೀಕ್ಷೆ ಮಾಡಬೇಕು. ಈಗ ಅಪಘಾತದ ವಿವರ ದಾಖಲಿಸುವ ಐರ್ಯಾಡ್ ಆ್ಯಪಿನಲ್ಲಿ ಫೋಟೊ, ಜಾಗ, ಗಾಡಿ ವಿವರ ಎಲ್ಲ ತುಂಬಬೇಕು. ಒಂದು ಸಾವಿನ ಕೇಸಿಗೆ ಇಬ್ಬರ ಪೂರ್ತಿ ದಿನ ಹೋಗುತ್ತದೆ. ಆ ಹೊತ್ತಿಗೆ ಮುಂದಿನ ಅಪಘಾತ ತಡೆಯುವುದಕ್ಕೆ ರಸ್ತೆಯ ಮೇಲೆ ಯಾರಿರುತ್ತಾರೆ?

ಇನ್ನು ಕ್ರೇನು. ಠಾಣೆಯದ್ದು ಅಂತ ಕ್ರೇನು ಇರುವುದಿಲ್ಲ. ಟೋಲಿನವರ ಕ್ರೇನು ಬೇರೆ ಕಡೆ ಹೋಗಿದ್ದರೆ ಪೇಟೆಯಿಂದ ಖಾಸಗಿಯವರನ್ನು ಕರೆಯಬೇಕು. ಅವರು ಮೊದಲು ಕೇಳುವುದು, ಸಾರ್, ಬಾಡಿಗೆ ಯಾರು ಕೊಡ್ತಾರೆ ಅಂತ. ಎಷ್ಟೋ ಸಲ ಎಸ್‌ಐ ಸಾಹೇಬರು ಜೇಬಿನಿಂದ ಕೊಟ್ಟಿದ್ದನ್ನು ನೋಡಿದ್ದೇನೆ. ಹೀಗೆ ಜೇಬಿನಿಂದ ಕೊಟ್ಟು ನಡೆಸುವ ಕೆಲಸದಲ್ಲಿ ಲಂಚಕ್ಕೆ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಸಮರ್ಥನೆ ಮಾಡುತ್ತಿಲ್ಲ. ಕಣ್ಣಾರೆ ಕಂಡಿದ್ದು ಹೇಳುತ್ತಿದ್ದೇನೆ.

ಹತ್ತು ಚಕ್ರ

ನಾನು ಲಾರಿ ಡ್ರೈವರ್. ಬೆಂಗಳೂರು–ಬೆಳಗಾವಿ ಲೈನು. ನಿಂತ ಲಾರಿ ಬಗ್ಗೆ ಬರೆದಿದ್ದೀರಿ, ಅದಕ್ಕೆ ನಾನು ಉತ್ತರ ಕೊಡಬೇಕು.

ನಾವು ರಸ್ತೆ ಪಕ್ಕ ಯಾಕೆ ನಿಲ್ಲಿಸುತ್ತೇವೆ? ಲಾರಿ ನಿಲ್ಲಿಸಲಿಕ್ಕೆ ಬಿಟ್ಟ ಜಾಗ ಕಡಿಮೆ. ಇರುವ ಕಡೆ ರಾತ್ರಿ ಲೈಟಿಲ್ಲ. ಕತ್ತಲಲ್ಲಿ ನಿಲ್ಲಿಸಿ ಮಲಗಿದರೆ ಟ್ಯಾಂಕಿನಿಂದ ಡೀಸೆಲ್ ಕದಿಯುತ್ತಾರೆ, ಟಾರ್ಪಾಲು ಕೊಯ್ದು ಮಾಲು ಇಳಿಸುತ್ತಾರೆ. ಅದಕ್ಕೆ ಲೈಟ್ ಇರುವ ಹೋಟೆಲ್ ಮುಂದೆ, ರಸ್ತೆಗೆ ತಾಗಿಕೊಂಡೇ ನಿಲ್ಲಿಸುತ್ತೇವೆ. ನಿದ್ದೆ ತಡೆಯಲಾಗದೆ ಎಲ್ಲೆಂದರಲ್ಲಿ ನಿಲ್ಲಿಸಿದವರೂ ಇದ್ದಾರೆ. ಪಾರ್ಕಿಂಗ್ ಲೈಟ್ ಹಾಕಿದರೆ ಬ್ಯಾಟರಿ ಇಳಿಯುತ್ತದೆ ಅಂತ ಆರಿಸಿ ಮಲಗುತ್ತಾರೆ. ತಪ್ಪು. ನಾನೂ ಮಾಡಿದ್ದೇನೆ. ಬ್ಯಾಡಗಿ ಸುದ್ದಿ ಓದಿದ ಮೇಲೆ ಮಾಡಿಲ್ಲ. ಸತ್ತವರಲ್ಲಿ ಮಕ್ಕಳೂ ಇದ್ದರು.

ರಾತ್ರಿ ಒಂದು ಜೀಪು ಬಂದು ಬಾಗಿಲು ತಟ್ಟಿ, ಇಲ್ಲಿ ಬೇಡ, ಇನ್ನೊಂದು ಎರಡು ಕಿಲೋಮೀಟರ್ ಹೋದರೆ ಜಾಗ ಇದೆ, ನಾವು ಅಲ್ಲೂ ಸುತ್ತು ಬರುತ್ತೇವೆ ಅಂದರೆ ಯಾವ ಡ್ರೈವರೂ ಜಗಳ ಆಡುವುದಿಲ್ಲ. ನಮಗೂ ಅದೇ ಬೇಕಾಗಿರುವುದು.

ಲೂಧಿಯಾನದ ಕನ್ನಡಿಗ

ನಾನು ಧಾರವಾಡದವನು, ಕೆಲಸಕ್ಕೆ ಪಂಜಾಬಿನಲ್ಲಿದ್ದೇನೆ. ಹೋಟೆಲ್ ಅಣ್ಣ ಹೇಳುತ್ತಿರುವುದು ಇಲ್ಲಿ ಆಗಿದೆ.

ಇಲ್ಲಿನ ಸರ್ಕಾರ 2024ರ ಜನವರಿ 27ರಂದು ಸಡಕ್ ಸುರಖ್ಯಾ ಫೋರ್ಸ್ ಅಂತ ಬೇರೆಯೇ ಪಡೆ ಶುರು ಮಾಡಿತು. 144 ಗಾಡಿ. ಅದರಲ್ಲಿ 116 ಟೊಯೊಟಾ ಹೈಲಕ್ಸ್, 28 ಸ್ಕಾರ್ಪಿಯೊ. ಸುಮಾರು ಮೂವತ್ತು ಕಿಲೋಮೀಟರಿಗೆ ಒಂದು ಗಾಡಿ. ಒಳಗೆ ಪ್ರಥಮ ಚಿಕಿತ್ಸೆಯ ಸಾಮಾನು, ಜಖಂ ಆದ ಗಾಡಿ ಎಳೆಯುವ ವ್ಯವಸ್ಥೆ, ತರಬೇತಿ ಆದ ಸಿಬ್ಬಂದಿ. ಹೆಣ್ಣುಮಕ್ಕಳೂ ಇದ್ದಾರೆ. ರಸ್ತೆ ಸಾವು ಅರ್ಧದ ಹತ್ತಿರಕ್ಕೆ ಇಳಿದಿದೆ ಅಂತ ಸರ್ಕಾರ ಹೇಳುತ್ತದೆ. ಸರ್ಕಾರದ ಲೆಕ್ಕ ಅಂತ ಸ್ವಲ್ಪ ಕಳೆದು ನೋಡಿದರೂ, ರಸ್ತೆಯ ಮೇಲೆ ನನಗೇ ವ್ಯತ್ಯಾಸ ಕಾಣುತ್ತದೆ. ಇಲ್ಲಿ ಚಳಿಗಾಲದ ಮಂಜು ಅಂದರೆ ಬಾನೆಟ್ ಆಚೆ ಏನೂ ಕಾಣಿಸುವುದಿಲ್ಲ. ಅಂಥ ಒಂದು ರಾತ್ರಿ ಕೆಟ್ಟು ನಿಂತ ಟ್ರ್ಯಾಲಿ ಹಿಂದೆ ಇವರ ಗಾಡಿ ಲೈಟ್ ಮಿನುಗಿಸುತ್ತಾ ನಿಂತಿದ್ದನ್ನು ನೋಡಿದೆ. ಅಷ್ಟೇ ಕೆಲಸ. ಆದರೆ ಆ ಲೈಟ್ ಕಾಣದಿದ್ದರೆ ನಾನು ನೇರ ಟ್ರ್ಯಾಲಿಗೇ ಹೋಗುತ್ತಿದ್ದೆ.

ಮುಖ್ಯ ವಿಷಯ ಏನಂದರೆ, ಇವರನ್ನು ಇಟ್ಟಿರುವುದೇ ರಸ್ತೆ ಕೆಲಸಕ್ಕೆ. ಠಾಣೆಯ ಜೀಪಿನ ಹಾಗೆ ಹತ್ತು ಕೆಲಸಕ್ಕೆ ಎಳೆದಾಡುವುದಿಲ್ಲ.

ಮಂಡ್ಯದ ಮೇಷ್ಟ್ರು

ಪಂಜಾಬಿನವರೆಗೆ ಯಾಕೆ ಹೋಗಬೇಕು? ನಮ್ಮ ಬೆಂಗಳೂರು–ಮೈಸೂರು ರಸ್ತೆ ನೋಡಿ. 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆಯಿತು. ಆ ವರ್ಷದ ಮೊದಲ ಆರು ತಿಂಗಳಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಶಾಲೆಗೆ ಬರುವ ಮಕ್ಕಳಲ್ಲೇ ಇಬ್ಬರ ಮನೆಯಲ್ಲಿ ಆ ವರ್ಷ ಸಾವಾಯಿತು. ಒಬ್ಬ ಹುಡುಗ ವಾರಗಟ್ಟಲೆ ಕಿಟಕಿ ಪಕ್ಕ ಕೂರಲಿಲ್ಲ. ಕಿಟಕಿಯಿಂದ ರಸ್ತೆ ಕಾಣುತ್ತದೆ.

ಆಮೇಲೆ ಏನಾಯಿತು? ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅವರು ಖುದ್ದಾಗಿ ಬಂದು ರಸ್ತೆ ನೋಡಿದರು. ರಾಮನಗರ, ಮಂಡ್ಯ ಪೊಲೀಸರ ಕೈಗೆ ವೇಗ ಅಳೆಯುವ ಗನ್ ಬಂತು. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರುವ ಹಾಗಿಲ್ಲ ಅಂತ ಆಯಿತು. ಆಮೇಲೆ ಕ್ಯಾಮೆರಾ ಬಂದವು. 2024ರ ಆಗಸ್ಟ್‌ನಿಂದ 130ಕ್ಕಿಂತ ಜೋರಾಗಿ ಓಡಿಸಿದರೆ ಎಫ್‌ಐಆರ್ ಅಂತ ರಾಜ್ಯಕ್ಕೆಲ್ಲ ಹೇಳಿದರು. ಸಾವು ಗಣನೀಯವಾಗಿ ಇಳಿಯಿತು. ಸುಮ್ನೆ ಇಳಿಯಲಿಲ್ಲ, ಜನ ಮತ್ತು ಸಲಕರಣೆ ಎರಡನ್ನೂ ಒಂದೇ ರಸ್ತೆಗೆ ಹಾಕಿದ್ದಕ್ಕೆ ಇಳಿಯಿತು.

ಆದರೆ ನನ್ನ ಬೇಸರವೂ ಅಲ್ಲೇ ಇದೆ. ಅದು ರಾಜಧಾನಿಯ ರಸ್ತೆ, ದಿನಾ ಟಿ.ವಿ.ಯಲ್ಲಿ ಬರುತ್ತಿತ್ತು. ಮಂಡ್ಯದಿಂದ ಒಳಗಿನ ರಸ್ತೆಗೆ ಬನ್ನಿ. ಕಬ್ಬು ಕಡಿಯುವ ಕಾಲದಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹಿಂದೆ ಒಂದು ರೇಡಿಯಂ ಸ್ಟಿಕ್ಕರ್ ಕೂಡ ಇಲ್ಲದೆ, ಕಬ್ಬಿನ ಸೋಗೆ ರಸ್ತೆಗೆ ಚಾಚಿಕೊಂಡು ಹೋಗುತ್ತದೆ. ಅದನ್ನು ಕೇಳುವವರು ಯಾರು?

ತುಮಕೂರು ಬೈಕ್ ಸವಾರ

ಮೇಷ್ಟ್ರೇ, ಕ್ಯಾಮೆರಾದ ಮಾತು ಬಂತಲ್ಲ. ಹಾಗಾದರೆ ಎಲ್ಲ ಕಡೆ ಕ್ಯಾಮೆರಾ ಹಾಕಲಿ. ಅದಕ್ಕೆ ಲಂಚ ಇಲ್ಲ, ನಿದ್ದೆ ಇಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 136ಎ ಅಂತ ಕಲಮೇ ಇದೆ, ಹೆದ್ದಾರಿಗಳಲ್ಲಿ ಎಲೆಕ್ಟ್ರಾನಿಕ್ ನಿಗಾ ಇಡಬೇಕು ಅಂತ. ಪೊಲೀಸರ ಸಂಖ್ಯೆ ಯಾಕೆ ಹೆಚ್ಚಿಸಬೇಕು?

ಹೆದ್ದಾರಿ ಹೋಟೆಲ್, ಶಿರಾ

ಕ್ಯಾಮೆರಾ ಬೇಕು ತಮ್ಮ, ಬೇಡ ಅನ್ನಲ್ಲ. ಅತಿವೇಗಕ್ಕೆ ಅದೇ ಮದ್ದು. ಆದರೆ ಕ್ಯಾಮೆರಾ ಲಾರಿ ಎಬ್ಬಿಸುವುದಿಲ್ಲ. ಕೊಂಬೆ ಪಕ್ಕ ಕೋನು ಇಡುವುದಿಲ್ಲ. ರಾಂಗ್ ಸೈಡಿನಲ್ಲಿ ಬರುವ ಟ್ರ್ಯಾಕ್ಟರನ್ನು ಕ್ಯಾಮೆರಾ ಫೋಟೊ ತೆಗೆಯುತ್ತದೆ, ತಡೆಯುವುದಿಲ್ಲ. 2022ರ ಆಗಸ್ಟ್‌ನಲ್ಲಿ ನಮ್ಮ ಕಳ್ಳಂಬೆಳ್ಳ ಹತ್ತಿರ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ 9 ಜನ ಸತ್ತರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರು. ಆ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಹಾಗೆ ತುಂಬಿಕೊಂಡು ಅಷ್ಟು ದೂರದಿಂದ, ಅಷ್ಟು ಜಿಲ್ಲೆ ದಾಟಿ ಬರುವಾಗ ಒಂದು ಕಡೆಯಾದರೂ ಯಾರಾದರೂ ನಿಲ್ಲಿಸಿ, ಇಳೀರಪ್ಪ, ಬಸ್ಸಿಗೆ ಹತ್ತಿಸ್ತೀವಿ ಅಂದಿದ್ದರೆ? ನನಗೆ ಇವತ್ತಿಗೂ ಅದು ಕೊರೆಯುತ್ತದೆ.

ರಸ್ತೆ ಇಂಜಿನಿಯರ್

ಒಂದೇ ಮಾತು ಸೇರಿಸುತ್ತೇನೆ. 500 ಮೀಟರ್ ಉದ್ದದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆದರೆ, ಇಲ್ಲವೇ 10 ಜನ ಸತ್ತರೆ ಅದು ಬ್ಲ್ಯಾಕ್ ಸ್ಪಾಟ್. ಅಂದರೆ ಅಷ್ಟು ಅನಾಹುತ ಆದ ಮೇಲೇ ಜಾಗ ನಮ್ಮ ಪಟ್ಟಿಗೆ ಬರುತ್ತದೆ. ಪ್ರತಿದಿನ ಓಡಾಡುವ ಗಸ್ತಿನವರಿಗೆ ಅದಕ್ಕೂ ಮೊದಲೇ ಗೊತ್ತಿರುತ್ತದೆ, ಎಲ್ಲಿ ಡಿವೈಡರ್ ಒಡೆದು ದಾರಿ ಮಾಡಿಕೊಂಡಿದ್ದಾರೆ, ಎಲ್ಲಿ ಸರ್ವಿಸ್ ರಸ್ತೆ ಅರ್ಧಕ್ಕೆ ನಿಂತಿದೆ ಅಂತ. ಅವರು ಬರೆದು ಕೊಟ್ಟಿದ್ದನ್ನು ನಾವು ಓದುವ ವ್ಯವಸ್ಥೆ ಬೇಕು.

ತುರ್ತು ಚಿಕಿತ್ಸೆ ವಾರ್ಡ್, ದಾವಣಗೆರೆ

ನಾನು ನರ್ಸ್. ಮೊದಲ ಒಂದು ಗಂಟೆ ಎಷ್ಟು ಮುಖ್ಯ ಅಂತ ಕಾನೂನಿನಲ್ಲೇ ಬರೆದಿದ್ದಾರೆ, ಗೋಲ್ಡನ್ ಅವರ್ ಅಂತ. ನಮ್ಮ ಹತ್ತಿರ ಬರುವ ಎಷ್ಟೋ ಜನಕ್ಕೆ ಆ ಗಂಟೆ ರಸ್ತೆಯಲ್ಲೇ ಮುಗಿದಿರುತ್ತದೆ.

ಎತ್ತುವ ರೀತಿಯೇ ಎಷ್ಟು ಹಾನಿ ಮಾಡುತ್ತದೆ ಗೊತ್ತಾ? ಕೈ ಕಾಲು ಹಿಡಿದು ಮೂಟೆ ಎತ್ತಿದ ಹಾಗೆ ಎತ್ತಿ ಗೂಡ್ಸ್ ಆಟೊದಲ್ಲಿ ಹಾಕುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿದ್ದರೆ ಅಲ್ಲಿಗೆ ಮುಗಿಯಿತು. ಒಂದು ಸಲ ಒಬ್ಬ ಪೇದೆ ಬೈಕ್ ಸವಾರನೊಬ್ಬನನ್ನು ಕರೆತಂದರು. ತೊಡೆಯಿಂದ ರಕ್ತ ಚಿಮ್ಮುತ್ತಿತ್ತಂತೆ. ಪೇದೆ ತಮ್ಮ ಅಂಗವಸ್ತ್ರ ಮಡಿಸಿ ಗಾಯದ ಮೇಲಿಟ್ಟು, ದಾರಿಯುದ್ದಕ್ಕೂ ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ನಾವು ಕೈ ತೆಗೆಯಿರಿ ಅಂದಾಗ ಅವರ ಬೆರಳು ಮರಗಟ್ಟಿ ಬಿಚ್ಚಲಿಲ್ಲ. ಆ ಹುಡುಗ ಬದುಕಿದ. ಎಲ್ಲಿ ಕಲಿತಿರಿ ಅಂತ ಕೇಳಿದೆ. ಎನ್‌ಸಿಸಿಯಲ್ಲಿ ಹೇಳಿಕೊಟ್ಟಿದ್ದರು ಅಂದರು. ಇಲಾಖೆಯ ತರಬೇತಿ ಅಲ್ಲ ನೋಡಿ. ಗಸ್ತಿನ ಪ್ರತಿಯೊಬ್ಬರಿಗೂ ಇದನ್ನು ಕಲಿಸಲು ಎಷ್ಟು ಖರ್ಚಾದೀತು?

ಇನ್ನೊಂದು. 2025ರ ಮೇ ತಿಂಗಳಿನಿಂದ ಅಪಘಾತದ ಗಾಯಾಳುಗಳಿಗೆ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ ಇದೆ. ಅದಕ್ಕೆ ಇದು ರಸ್ತೆ ಅಪಘಾತವೇ ಅಂತ ಪೊಲೀಸರು ದೃಢಪಡಿಸಬೇಕು. ಠಾಣೆಯಲ್ಲಿ ಜನ ಇಲ್ಲದಿದ್ದರೆ ಆ ಕಾಗದವೂ ತಡ. ಬಡವರ ಮನೆಯವರು ಅಷ್ಟರಲ್ಲಿ ತಾಳಿ ಸರ ಅಡವಿಟ್ಟು ಬಂದಿರುತ್ತಾರೆ.

ತುಮಕೂರು ಬೈಕ್ ಸವಾರ

ಅಕ್ಕ, ಓದಿ ಸುಮ್ಮನೆ ಕೂತೆ. ಸರಿ, ಜನ ಬೇಕು. ಆದರೆ ಹಣ ಎಲ್ಲಿಂದ? ನಾವು ಕಟ್ಟುವ ದಂಡ ಎಲ್ಲಿಗೆ ಹೋಗುತ್ತದೆ?

ಲೆಕ್ಕಪತ್ರ

ದಂಡ ಖಜಾನೆಗೆ ಹೋಗುತ್ತದೆ. ವಸೂಲಿ ಮಾಡಿದ ಠಾಣೆಗೆ ಅದರಿಂದ ನೇರವಾಗಿ ಏನೂ ಸಿಗುವುದಿಲ್ಲ. ಅದು ಒಳ್ಳೆಯದೇ. ಠಾಣೆಗೇ ಸಿಗುವ ಹಾಗೆ ಮಾಡಿದರೆ ನೀವು ಹೇಳಿದ ಮರದ ನೆರಳಿನ ತಪಾಸಣೆ ಜಾಸ್ತಿ ಆಗುತ್ತದೆ.

ಈ ಅಂಕಿಗಳನ್ನು ನೋಡಿ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491. ಕರ್ನಾಟಕದಲ್ಲೇ 11,702. ರಾಷ್ಟ್ರೀಯ ಹೆದ್ದಾರಿಗಳು ದೇಶದ ಒಟ್ಟು ರಸ್ತೆಯ ಶೇ 2ರಷ್ಟು ಮಾತ್ರ, ಆದರೆ ಶೇ 36ರಷ್ಟು ಸಾವು ಅಲ್ಲೇ. ಮೂರರಲ್ಲಿ ಎರಡು ಸಾವು ಗ್ರಾಮಾಂತರ ಪ್ರದೇಶದಲ್ಲಿ. ಸಂಚಾರ ಪೊಲೀಸರು ಎಂದರೆ ಬಹುಪಾಲು ನಗರದಲ್ಲಿ. ಸಾವು ಇರುವುದು ಒಂದು ಕಡೆ, ಸಿಬ್ಬಂದಿ ಇರುವುದು ಇನ್ನೊಂದು ಕಡೆ.

ನಮ್ಮಲ್ಲಿ ರಸ್ತೆ ಸುರಕ್ಷತಾ ಪ್ರಾಧಿಕಾರ ಇದೆ, 2017ರ ಕಾಯ್ದೆಯಿಂದ ಬಂದದ್ದು. ಅದಕ್ಕೊಂದು ನಿಧಿಯೂ ಇದೆ. ನಿಧಿಯ ಹಣ ಒಂದೊಂದು ಸಲ ಒಂದೊಂದು ಸಾಮಾನು ಕೊಳ್ಳಲು ಹೋಗುತ್ತದೆ. ಗಾಡಿ ಕೊಂಡು ಫೋಟೊ ತೆಗೆಸುವುದು ಸುಲಭ. ಅದರ ಡೀಸೆಲ್, ಟೈರು, ಮೂರು ಪಾಳಿಯ ಸಂಬಳ ವರ್ಷ ವರ್ಷ ಬೇಕು. ಅದನ್ನು ಯಾರೂ ಬರೆದುಕೊಡುವುದಿಲ್ಲ. ಎಷ್ಟೋ ಠಾಣೆಗಳ ಹಿಂದೆ ಟೈರು ಇಳಿದು ನಿಂತ ಗಸ್ತು ಗಾಡಿ ಕಾಣುತ್ತದಲ್ಲ, ಅದಕ್ಕೆ ಕಾರಣ ಇದು.

ಆಗುವುದಿಲ್ಲ ಅನ್ನುವವರಿಗೆ ಪಕ್ಕದ ತಮಿಳುನಾಡು. 2016ರಲ್ಲಿ ಅಲ್ಲಿ 17,218 ಜನ ಸತ್ತಿದ್ದರು. 2019ಕ್ಕೆ 10,525. ಗಸ್ತು, ಆಂಬುಲೆನ್ಸ್, ಆಸ್ಪತ್ರೆ, ರಸ್ತೆ ರಿಪೇರಿ ಎಲ್ಲ ಒಟ್ಟಿಗೆ ಮಾಡಿದ್ದಕ್ಕೆ ಇಳಿಯಿತು. ಪೊಲೀಸರಿಂದ ಮಾತ್ರ ಅಂತ ನಾನು ಹೇಳುವುದಿಲ್ಲ.

ಹತ್ತು ಚಕ್ರ

ಟೋಲಿನಲ್ಲಿ ನಾವು ಕಟ್ಟುವುದರಲ್ಲಿ ಒಂದು ಪಾಲು ಇದಕ್ಕೆ ಕೊಡಲಿ. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದರೆ ಟೋಲಿನವರ ಗಸ್ತು ಗಾಡಿ ಬರುತ್ತದೆ, ನಿಜ. ಆದರೆ ಅವರಿಗೆ ಯಾರನ್ನೂ ಎಬ್ಬಿಸುವ ಅಧಿಕಾರ ಇಲ್ಲ. ಮಲಗಿದ ಡ್ರೈವರ್ ಬೈದರೆ ವಾಪಸ್ ಹೋಗುತ್ತಾರೆ. ಅದೇ ಗಾಡಿಯಲ್ಲಿ ಒಬ್ಬ ಪೊಲೀಸ್ ಕೂತಿದ್ದರೆ ಸಾಕು.

ನಿವೃತ್ತ ದಫೇದಾರ್

ಲಾರಿ ಅಣ್ಣ ಹೇಳಿದ್ದು ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾರೂ ಯೋಚಿಸಲಿಲ್ಲ. ಹೊಸ ಗಾಡಿ ಬರುವವರೆಗೂ ಕಾಯಬೇಕಿಲ್ಲ, ಇದನ್ನು ನಾಳೆಯೇ ಶುರು ಮಾಡಬಹುದು. ಒಂದು ಷರತ್ತು ಹಾಕಿ: ಆ ಪೇದೆಯನ್ನು ಬಂದೋಬಸ್ತಿಗೆ ಎಳೆಯಬಾರದು ಅಂತ ಎಸ್‌ಪಿ ಸಾಹೇಬರ ಆದೇಶ ಬರವಣಿಗೆಯಲ್ಲಿ ಇರಬೇಕು. ಬಾಯಿಮಾತಿನದು ಒಂದು ಹಬ್ಬದವರೆಗೆ ಮಾತ್ರ ಉಳಿಯುತ್ತದೆ.

ತುಮಕೂರು ಬೈಕ್ ಸವಾರ

ನನ್ನದೂ ಒಂದು ಷರತ್ತು. ಎಷ್ಟು ಕೇಸು ಹಾಕಿದರು ಅಂತ ಅವರ ಕೆಲಸ ಅಳೆಯಬಾರದು. ಕರೆ ಬಂದ ಎಷ್ಟು ನಿಮಿಷಕ್ಕೆ ತಲುಪಿದರು, ರಾತ್ರಿ ಎಷ್ಟು ನಿಂತ ಗಾಡಿ ಎಬ್ಬಿಸಿದರು, ಆ ತುಂಡು ರಸ್ತೆಯಲ್ಲಿ ಸಾವು ಇಳಿಯಿತಾ, ಇದನ್ನು ತಿಂಗಳು ತಿಂಗಳು ಠಾಣೆಯ ಬೋರ್ಡಿನ ಮೇಲೆ ಬರೆಯಲಿ. ಹಾಗಿದ್ದರೆ ಅರ್ಜಿ ಕೊಡುವಾಗ ನಾನೂ ಸಹಿ ಹಾಕುತ್ತೇನೆ.

ಹೆದ್ದಾರಿ ಹೋಟೆಲ್, ಶಿರಾ

ಎಲ್ಲರಿಗೂ ಥ್ಯಾಂಕ್ಸ್. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಲು ಅರ್ಜಿ ಬರೆಯುತ್ತಿದ್ದೇನೆ. ನಮ್ಮ ಗ್ರಾಮ ಪಂಚಾಯಿತಿಯವರೂ ಸಹಿ ಹಾಕುತ್ತೇವೆ ಅಂದಿದ್ದಾರೆ. ಬೇಡಿಕೆ ಮೂರೇ ಇಟ್ಟಿದ್ದೇನೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಟೋಲ್ ಗಸ್ತು ಗಾಡಿಯಲ್ಲಿ ಒಬ್ಬ ಪೊಲೀಸ್, ಬರವಣಿಗೆಯ ಆದೇಶದ ಜೊತೆಗೆ. ಠಾಣೆಗೆ ಕೋನು, ಮಿನುಗುವ ಲೈಟು, ಎಲ್ಲರಿಗೂ ರೇಡಿಯಂ ಜಾಕೆಟ್, ಪ್ರಥಮ ಚಿಕಿತ್ಸೆಯ ತರಬೇತಿ. ಡೀಸೆಲ್ ಮತ್ತು ಕ್ರೇನ್ ಬಾಡಿಗೆಗೆ ಸುರಕ್ಷತಾ ನಿಧಿಯಿಂದ ಪ್ರತಿ ವರ್ಷ ಹಣ. ಬೈಕ್ ಸವಾರರು ಹೇಳಿದ ಬೋರ್ಡಿನ ವಿಷಯವನ್ನು ಕೊನೆಯಲ್ಲಿ ಸೇರಿಸುತ್ತೇನೆ.

ನಮ್ಮ ಹೋಟೆಲಿನ ಪಕ್ಕದ ಅರ್ಧ ಎಕರೆ ಬೀಳು ಬಿದ್ದಿದೆ. ಅಪ್ಪನ ಹತ್ತಿರ ಮಾತಾಡಿದೆ. ಜಲ್ಲಿ ಹಾಕಿಸಿ, ಎರಡು ಲೈಟ್ ಕಂಬ ನಿಲ್ಲಿಸಿ ಲಾರಿಗಳಿಗೆ ಬಿಡೋಣ ಅಂದರು. ಹತ್ತು ಚಕ್ರ ಅಣ್ಣ, ಹತ್ತು ಲಾರಿ ತಿರುಗಿಸಿ ನಿಲ್ಲಿಸಲು ಬಾಗಿಲು ಎಷ್ಟು ಅಗಲ ಬಿಡಬೇಕು ಹೇಳಿ.

ಹತ್ತು ಚಕ್ರ

ಒಂದೇ ಬಾಗಿಲು ಬೇಡ. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು ಮಾಡಿ. ನಲವತ್ತು ಅಡಿಗೆ ಕಮ್ಮಿ ಆಗಬಾರದು. ರಿವರ್ಸ್‌ನಲ್ಲಿ ಹೆದ್ದಾರಿಗೆ ಬರುವ ಹಾಗೆ ಮಾತ್ರ ಮಾಡಬೇಡಿ. ಗುರುವಾರ ಆ ಕಡೆ ಬರುತ್ತೇನೆ, ಜಾಗ ನೋಡಿ ಸುಣ್ಣದಲ್ಲಿ ಗೆರೆ ಎಳೆದುಕೊಡುತ್ತೇನೆ.